ಹೊಕ್ಕು

ಇಳಕಲ್ಲಿನ ನೂಲಿನ ಸೊಸೈಟಿಯ ಮಾಳಿಗೆ ಮೇಲೆ
ವಾರಕ್ಕೆ ಮೂರು ಸಂಜೆ ನಾನು ಇಂಗ್ಲಿಷ್ ಕಲಿಸುತ್ತೇನೆ.
ಕೆಳಗೆ ತಕ್ಕಡಿ, ರೇಷ್ಮೆಯ ಲಡಿ. ಮೇಲೆ ನಾಮಪದ.
ಮೊದಲ ವಾರವೇ ಬಳಪ ಎತ್ತಿ ಜೋರಾಗಿ ಹೇಳಿದ್ದೆ:
ಕ್ರಿಯಾಪದ ಗಟ್ಟಿ ಹಿಡೀರಿ,
ಅದರ ಬಾಲಕ್ಕೆ ಅಂಟಿದ ಅಪ್ಪು, ಡೌನು, ಆಫು, ಔಟು
ಸಣ್ಣವು, ಇರಲಿ ಬಿಡ್ರಿ, ಆಮೇಲೆ ನೋಡೋಣ.

ಆ ಆಮೇಲೆ
ಮಾಂತವ್ವ ಗುಡೂರಳ ಫೋನಿನೊಳಗೆ ಬಂದು ಕೂತಿತ್ತು.

ದಿಲ್ಲಿಯ ಅಂಗಡಿಯಾಕೆ ತಿಂಗಳ ಹಿಂದೆ ಬರೆದದ್ದು:
ಹನ್ನೆರಡು ಸೀರೆ, ಪ್ಲೀಸ್ ಹೋಲ್ಡ್ ಆಫ್.
‘ಹೋಲ್ಡ್ ಅಂದ್ರ ಹಿಡಿ, ನೀವ ಹೇಳಿದ್ರಿ.
ಹಿಡದೆ ಟೀಚರ್ರ.
ಕರೆಂಟ್ ಹೋದ್ರ ಬ್ಯಾಟರಿ ಹಚ್ಚಿ ಹಿಡದೆ.
ಹನ್ನೊಂದು ಮುಗದಾವು,
ಹನ್ನೆರಡನೇದಕ್ಕ ಸೆರಗಿನ ಎಳಿ ಕೆಚ್ಚೋದೈತಿ.’

ಓದಿದೆ. ಮತ್ತೊಮ್ಮೆ ಓದಿದೆ, ಬೇರೆಯಾಗಲಿಲ್ಲ.
ಹಿಡಿ ಎಂಬ ಮಾತನ್ನು
ಸಣ್ಣದೊಂದು ಬಾಲ ಹಿಂದಿನಿಂದ ಜಗ್ಗಿ
ತಡಿ ಮಾಡಿಟ್ಟಿತ್ತು.

ಹೇಳಿದೆ. ಮಾಂತವ್ವ ಕಿಟಕಿ ನೋಡಿದಳು.
ಎದುರು ಮನೆಯಲ್ಲಿ ಯಾರೋ ಕುಣಿಮಗ್ಗದಿಂದ ಕಾಲು ತೆಗೆದು ನೆಟಿಗೆ ಮುರಿಯುತ್ತಿದ್ದರು.
‘ಆಫ್ ಅಂದ್ರ ಆರೋದಲ್ಲೇನ್ರಿ?’
ಲೈಟು ಆಫಾದರೆ ಕತ್ತಲು, ಹೌದು.
ಅಲಾರಮ್ಮು ಗೋಸ್ ಆಫ್ ಅಂದರೆ ಬಡಕೊಳ್ಳುತ್ತದೆ,
ಹಾಲು ಗೋಸ್ ಆಫ್ ಅಂದರೆ ಕೆಡುತ್ತದೆ,
ಬಸ್ಸಿನಿಂದ ಗೆಟ್ ಆಫ್, ಇಳಿ,
ನೆಂಟರನ್ನು ಸೀ ಆಫ್, ಕಳಿಸಿ ಬಾ.
‘ಒಂದ ಮಾತು ಇಷ್ಟ ಮನಿ ತಿರಗತೈತಿ,
ಸ್ವಂತ ಮನಿ ಇಲ್ಲೇನ್ರಿ ಅದಕ್ಕ?’

ಗಿವ್ ಅಪ್ ಕೂಡ ಹಾಗೇ, ಎಂದೆ,
ಕೊಡು, ಮೇಲೆ, ಎರಡೂ ಸೇರಿದರೆ ಕೈಚೆಲ್ಲು.
‘ಸೋತರ ಮ್ಯಾಲ ಬೀಳ್ತಾರೇನ್ರಿ ಅವ್ರು?’
ನಕ್ಕಳು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಆಗ ನನಗೆ ವ್ಯಾಕರಣದ ಹುಮ್ಮಸ್ಸು ಬಂತು, ತಪ್ಪು ಮಾಡಿದವರಿಗೆ ಬರುವಂಥದು.
ನೋಡು, ನಮ್ಮ ಮಾತಿನಲ್ಲಿ ದಿಕ್ಕು ಹೊಟ್ಟೆಯೊಳಗೇ ಇರುತ್ತದೆ:
ಹತ್ತು, ಇಳಿ, ದಾಟು, ಹೊಗು.
ಅವರು ಹೋಗು ಎಂಬ ಒಂದನ್ನೇ ಇಟ್ಟುಕೊಂಡು
ಹಿಂದೊಂದು ಕೈಮರ ನೆಡುತ್ತಾರೆ.

‘ಹೊಗು,’ ಅಂದಳು ಮಾಂತವ್ವ, ಬಾಯಲ್ಲಿ ಅಡಿಕೆ ಹೊರಳಿಸಿದಂತೆ.
‘ಅಡ್ಡ ನೂಲಿಗೆ ನಾವು ಹೊಕ್ಕು ಅಂತೀವ್ರಿ. ಹೊಕ್ಕಿದ್ದಕ್ಕ ಹೊಕ್ಕು.
ಹಾಸು ಎಷ್ಟ ಉದ್ದ ಹಾಸಿದ್ರೂ
ಹೊಕ್ಕು ಹೊಗದಿದ್ರ ಅದು ಬರೇ ದಾರ.
ನೀವು ಸಣ್ಣದು ಅಂದ್ರಿ.’

ಬಳಪದ ಪುಡಿ ನನ್ನ ಬೆರಳಿನಲ್ಲೇ ಇತ್ತು.
ಒಂದು ಸೀರೆ ನಾನು ತಗೋತೀನಿ ಎಂದೆ.
ಆಕೆ ನನ್ನ ಮುಖ ಓದಿ,
‘ತಗೋರಿ. ರೊಕ್ಕ ಮೊದಲು.’

ಬಳಿಕ ದಿಲ್ಲಿಗೆ ಉತ್ತರ ಹೇಳಿ ಬರೆಸಿದಳು:
‘ಹನ್ನೊಂದು ನೇದ ಬಿಟ್ಟೀನಿ.’
ಐ ಹ್ಯಾವ್ ವೋವನ್ ಇಲೆವೆನ್, ಒತ್ತಿದೆ.
‘ಬಿಟ್ಟೀನಿ ಎಲ್ಲೈತ್ರಿ?’
ಆಫ್ ಹಚ್ಚಿ ನೋಡಿದೆ. ಔಟ್, ಅಪ್, ಅವೇ.
ಯಾವುದೂ ಕೂಡಲಿಲ್ಲ.
ಬಿಟ್ಟೀನಿ ಅಂದಾಕೆ ಏನನ್ನೂ ಬಿಟ್ಟಿರಲಿಲ್ಲ;
ಆದದ್ದನ್ನು ಇನ್ನು ಬಿಚ್ಚಲಾಗದು ಎಂಬುದನ್ನು
ಆ ಬಾಲವೊಂದೇ ಹೊತ್ತಿತ್ತು.
ಅದನ್ನು ನಾನು ಬಿ.ಎಡ್‌ನಲ್ಲೂ ಓದಿರಲಿಲ್ಲ.

ಕೊನೆಗೆ ಇಂಗ್ಲಿಷಿನ ನಡುವೆ ಅದೊಂದನ್ನು ಕನ್ನಡದಲ್ಲೇ ಒತ್ತಿ ಕಳಿಸಿದೆ.
‘ಚಲೋ ಆತು,’ ಅಂದಳು,
‘ಆಕಿನೂ ಒಂದ ಸಣ್ಣ ಮಾತು ಹುಡುಕ್ಯಾಡ್ಲಿ.’

ಬರತೀನ್ರಿ ಅಂತ ಹೋದಳು.
ಕೆಳಗೆ ತಕ್ಕಡಿಗೆ ಲಡಿ ಬಿದ್ದ ಸದ್ದು.
ಹಲಗೆಯ ಮೇಲೆ ಆಫ್ ಒಂದೇ ಉಳಿದಿತ್ತು.
ಒರೆಸಲು ಅರಿವೆ ಎತ್ತಿದವಳು
ಗುರುವಾರದ ಪಾಠಕ್ಕೆಂದು ಅದನ್ನು ಹಾಗೇ
ಬಿಟ್ಟೆ.