ಲೋಂಡಾದ ಕೂವೆಕಂಬ

ಅರವತ್ತು ಫೂಟು, ಒಂದೂ ಗಂಟಿರಬಾರದು ಅಂದಿತ್ತಂತೆ
ಮಾರ್ಮಗೋವಾದ ತಂತಿ.
ಸ್ಕೂನರ್ ಅಂದರೇನೆಂದು ಲೋಂಡಾದ ಗರಗಸದವರಿಗೆ ಗೊತ್ತಿರಲಿಲ್ಲ.
ಅಜ್ಜ ಪರಸಪ್ಪ ಮೂರು ದಿನ ಅಡವಿ ತಿರುಗಿ
ಒಂದು ಸಾಗವಾನಿಗೆ ಕಿವಿ ಹಚ್ಚಿ,
ಕೊಡಲಿಯ ಹಿಂಬದಿಯಿಂದ ತಟ್ಟಿ,
"ಇದು" ಅಂದ.

ಮೂರು ವ್ಯಾಗನ್ನಿನ ಮೇಲೆ ಮಲಗಿ ಘಟ್ಟ ಇಳಿಯಿತು ಮರ,
ಬುಡದಲ್ಲಿ ಅಜ್ಜನ ಉಳಿ ಕೆತ್ತಿದ ಒಂದು "ಪ".

ಈಗ ಹಡಗಿನ ಚರಿತ್ರೆ ಓದುತ್ತೇನೆ:
ನಾಲ್ಕು ಒಡೆಯರು, ನಾಲ್ಕು ಹೆಸರು,
ಒಂದು ಯುದ್ಧ, ಒಂದು ವಿಚ್ಛೇದನ,
ಹತ್ತು ವರ್ಷ ಬರೀ ಉಳ್ಳಾಗಡ್ಡಿ ಸಾಗಣೆ.
ಹಾಯಿ ಹೊಲಿದವನ ಹೆಸರೂ ಇದೆ.
ಮುಂದಿನ ಕೂವೆಕಂಬ: ಬರ್ಮಾ ತೇಗ.

ಇರಲಿ.
ಕಂಬದಡಿ ಅದೃಷ್ಟಕ್ಕೆ ನಾಣ್ಯ ಇಡುತ್ತಾರಂತೆ.
ಅದರ ಮೇಲೆ ಕೂತಿದೆ, ಯಾರೂ ಎತ್ತಿ ನೋಡದ
ನಮ್ಮ "ಪ".

ಸಮುದ್ರ ಕಾಣದ ಅಜ್ಜ
ಗಾಳಿ ಎದ್ದ ರಾತ್ರಿ ಎದ್ದು ಕೂತು ಅನ್ನುತ್ತಿದ್ದ:
"ಬಾಗತೈತಿ. ಮುರಿಯಂಗಿಲ್ಲ."