ಆರು ಐವತ್ತೆರಡು

ಪೂರ್ತಿ ಊರು ಅನ್ನಲು ಬರುವುದಿಲ್ಲ ಇದನ್ನು.
ಲಂಡನ್ನಿಗೆ ಮೂವತ್ತೊಂಬತ್ತು ನಿಮಿಷ, ಅದೇ ಇದರ ವಿಳಾಸ.
ಮನೆ ಮಾರುವವರು ಬೋರ್ಡಿನಲ್ಲಿ ಮೊದಲು ಬರೆಯುವುದೂ ಅದನ್ನೇ,
ಆಮೇಲೆ ಕೋಣೆ, ಬಚ್ಚಲು, ಹಿತ್ತಿಲಿಗೆ ಎಷ್ಟು ಬಿಸಿಲು.

ಸುತ್ತ ಬಡಾವಣೆಗಳು.
ಪ್ಲಮ್‌ಟ್ರೀ ಡ್ರೈವಿನಲ್ಲಿ ಪ್ಲಮ್ ಇಲ್ಲ,
ಮಿಲ್‌ಪಾಂಡ್ ಕ್ಲೋಸಿನ ಕೊಳದ ಮೇಲೆ ಹದಿನಾಲ್ಕು ಗ್ಯಾರೇಜು.
ಕಡಿದದ್ದರ, ಮುಚ್ಚಿದ್ದರ ಹೆಸರನ್ನೇ ಬೀದಿಗಿಡುವುದು ಇಲ್ಲಿಯ ಕ್ರಮ,
ತಗಡಿನ ಮೇಲೆ ಬರೆದ ತಪ್ಪೊಪ್ಪಿಗೆ ಅನ್ನಿ.
ಎರಡು ಮನೆಗೆ ಒಂದೇ ಗೋಡೆ. ಆಚೆಯವರು ಸೀನಿದರೆ
ಈಚೆಯವರು ಹರಸುವುದಿಲ್ಲ, ಕೇಳಿಸದ ಹಾಗೆ ಇರುತ್ತಾರೆ.
ಮರ್ಯಾದೆ ಎಂದರೆ ಇಲ್ಲಿ ಅದು.

ನಾನು ಟಿಕೆಟ್ ಕಿಟಕಿಯವನು. ಇಪ್ಪತ್ತಾರು ವರ್ಷ
ಮುಖಕ್ಕಿಂತ ಹೆಚ್ಚು ಕೈ ನೋಡಿದ್ದೇನೆ:
ಉಂಗುರ ಬಂದದ್ದು, ಉಂಗುರ ಹೋದದ್ದು,
ಚಳಿಗೆ ಒಡೆದ ಗೆಣ್ಣು,
ಮಗಳು ಬಣ್ಣ ಬಳಿದ ಉಗುರನ್ನು
ಮರೆತು ಹಾಗೇ ಬಂದ ಬ್ಯಾಂಕಿನವನ ಹೆಬ್ಬೆರಳು.

ಸೈಕಲ್ ಸ್ಟ್ಯಾಂಡಿನ ಕೊನೆಯಲ್ಲಿ ಒಂದು ಹಸಿರು ಸೈಕಲ್ಲು
ಸೆಪ್ಟೆಂಬರಿನಿಂದ ನಿಂತಿತ್ತು.
ಮೊದಲು ಗಾಳಿ ಹೋಯಿತು, ಆಮೇಲೆ ಯಾರೋ ಬೆಲ್ಲು ಬಿಚ್ಚಿಕೊಂಡರು,
ಸೀಟಿಗೆ ಕಟ್ಟಿದ್ದ ಪ್ಲಾಸ್ಟಿಕ್ ಚೀಲದಲ್ಲಿ
ಒಂದು ಬಸವನಹುಳು ಒಂಟಿ ಸಂಸಾರ ಹೂಡಿತು.
ಮೇಲಿನವರು ಹಳದಿ ಚೀಟಿ ಕಟ್ಟಿದರು:
ನವೆಂಬರ್ ಹದಿನಾಲ್ಕರೊಳಗೆ ಒಯ್ಯದಿದ್ದರೆ ಗುಜರಿಗೆ.
ಹದಿಮೂರರ ರಾತ್ರಿ ಪೆನ್ನು ಹಿಡಿದು ಹೋಗಿ
ನಾಲ್ಕಕ್ಕೆ ತಲೆ ಸುತ್ತಿ ಒಂಬತ್ತು ಮಾಡಿದೆ.
ನೌಕರಿಯಲ್ಲಿ ನಾನು ಮಾಡಿದ ಒಂದೇ ಖೋಟಾ.

ಯಾರದೆಂದು ಗೊತ್ತಿತ್ತು. ಥರ್ಲೋ. ಪಾಸಿನ ಮೇಲೆ ಓದಿದ ಹೆಸರು.
ಹತ್ತೊಂಬತ್ತು ಚಳಿಗಾಲ ನಾವು ಆಡಿದ ಮಾತು:
"ಚಳಿ." "ಹೌದು, ಚಳಿ."

ಹದಿನೇಳಕ್ಕೆ, ಹನ್ನೊಂದರ ಖಾಲಿ ಹೊತ್ತಿನಲ್ಲಿ,
ಅವಳು ಬಂದಳು. ಗಂಡಸಿನ ಕೋಟು, ತೋಳು ಉದ್ದ.
"ಬೀಗದ ನಂಬರು ಹೇಳದೆ ಹೋಗಿದ್ದಾನೆ" ಎಂದಳು,
ಹಾಲು ತರಲು ಹೋದವನ ಬಗ್ಗೆ ದೂರುವ ಹಾಗೆ.

ನಾಲ್ಕು ಅಂಕಿಯ ಪುಟ್ಟ ಹಿತ್ತಾಳೆ ಬೀಗ. ಮಂಡಿಯೂರಿ ಕೂತಳು.
ತಾನು ಹುಟ್ಟಿದ ದಿನ ತಿರುಗಿಸಿದಳು. ಇಲ್ಲ.
ಮದುವೆಯ ದಿನ. ಇಲ್ಲ.
ಮಗಳ ದಿನ. ಒಂದು ಕ್ಷಣ ಸಡಿಲವಾದ ಹಾಗಾಗಿ,
ಇಲ್ಲ.
ಸತ್ತ ನಾಯಿಯದನ್ನೂ ನೋಡಿದಳು, ನಗುತ್ತ.
ಪ್ರತಿ ಸಲವೂ ಆ ಕೋಟು ಒಂದಿಷ್ಟು ದೊಡ್ಡದಾಗುತ್ತಿತ್ತು.

ನನಗೆ ಎರಡನೆಯ ಸಲಕ್ಕೇ ಹೊಳೆದಿತ್ತು.
ಹೇಳುವುದೋ ಬೇಡವೋ.
ಗೋಡೆಯಾಚೆಯ ಸೀನು.
ಕೊನೆಗೆ ಹೇಳಿದೆ: "ಸೊನ್ನೆ, ಆರು, ಐದು, ಎರಡು."

ಹೆಸರು ಹಿಡಿದು ಕರೆದವರಿಗೆ ಓಗೊಟ್ಟಂತೆ
ಬೀಗ ಬಿಚ್ಚಿಕೊಂಡಿತು.

ಅವಳು ನನ್ನನ್ನು ನೋಡಲಿಲ್ಲ. ಬೋರ್ಡು ನೋಡಿದಳು:
ಆರು ಐವತ್ತೆರಡು, ವಾಟರ್‌ಲೂ, ಸೋಮವಾರದಿಂದ ಶುಕ್ರವಾರ.
"ಓ" ಎಂದಳು.
ಎಷ್ಟೋ ಹೊತ್ತಿನ ಮೇಲೆ: "ಭಾನುವಾರವೂ ಅಷ್ಟು ಹೊತ್ತಿಗೇ ಹೊರಬಾಗಿಲಲ್ಲಿ ನಿಂತಿರುತ್ತಿದ್ದ.
ಟೊಮೇಟೊ ಗಿಡ ನೋಡಲು ಅಂದುಕೊಂಡಿದ್ದೆ."

ಬಸವನಹುಳುವನ್ನು ಎರಡು ಬೆರಳಲ್ಲಿ ಎತ್ತಿ ಬೇಲಿಗೆ ಬಿಟ್ಟಳು.
ಸತ್ತಿದೆಯೆಂದೇ ತಿಳಿದಿದ್ದೆ ನಾನು; ಅದು ಕೊಂಬು ಚಾಚಿತು.
ಗಾಳಿಯಿಲ್ಲದ ಸೈಕಲ್ಲು ತಳ್ಳಿಕೊಂಡು, ಟಪ ಟಪ ಸದ್ದಿನಲ್ಲಿ,
ಪ್ಲಮ್‌ಟ್ರೀ ಡ್ರೈವಿನ ಏರು ಹತ್ತಿದಳು.

ಮರುದಿನ ಆರು ಐವತ್ತೆರಡು ಎಂಟು ನಿಮಿಷ ತಡ.
ಹಳಿಯ ಮೇಲೆ ಎಲೆ ಬಿದ್ದಿದೆ, ಕ್ಷಮಿಸಿ, ಎಂದೆ ಮೈಕಿನಲ್ಲಿ.
ಇನ್ನೂರು ಜನ ಒಟ್ಟಿಗೆ ಮಣಿಕಟ್ಟು ನೋಡಿಕೊಂಡರು.
ಎಂಟು ನಿಮಿಷ.
ಅದನ್ನು ಎಲ್ಲಿಡಬೇಕೆಂದು ಯಾರಿಗೂ ತಿಳಿಯಲಿಲ್ಲ.