ಜಾಗ ಇದ್ದಲ್ಲಿ

ಬೆಂದೂರ್‌ವೆಲ್ಲಿನ ಮೂರನೇ ಮಾಳಿಗೆ. ಒಂದು ಗೋಡೆ, ಅದರಲ್ಲಿ ನಾಲ್ಕು ಮನೆ:
ಮಾಡಬೇಕಾದ್ದು, ಮಾಡುತ್ತಿರುವುದು, ಪರೀಕ್ಷೆ, ಮುಗಿದದ್ದು.
ಮೂರನೆಯದು ನಾನು.
ಬಂದರಿನ ಐಸ್ ಪ್ಲಾಂಟುಗಳಿಗೆ ನಾವು ಲೆಕ್ಕದ ಸಾಫ್ಟ್‌ವೇರ್ ಮಾಡುವವರು,
ಎಷ್ಟು ಐಸು, ಯಾವ ದೋಣಿಗೆ, ಬಾಕಿ ಎಷ್ಟು.
ಬೇರೆಯವರು ಬರೆದದ್ದರಲ್ಲಿ ಕಲ್ಲು ಆರಿಸುವುದು ನನ್ನ ಕೆಲಸ.
ಶುಕ್ರವಾರ ಸಂಜೆ ಐದಾಯಿತೆಂದರೆ
ಎಲ್ಲರ ಹಳದಿ ಚೀಟಿಗಳೂ ನೆಂಟರ ಹಾಗೆ
ಚಪ್ಪಲಿ ಕಳಚದೆ ನನ್ನ ಮನೆಗೆ ನುಗ್ಗುತ್ತವೆ.

"ಎರಡು ವಾರದ ಓಟವೇ ಸರಿ" ಐವನ್ ಕ್ರಾಸ್ತಾನ ಮಾತು.
"ಟೈಮಿಂಗ್ ಇಲ್ಲದಿದ್ದರೆ ಯಾವ ಬಸ್ಸೂ
ಸ್ಟೇಟ್‌ಬ್ಯಾಂಕ್ ಬಿಟ್ಟು ಹೊರಡುವುದಿಲ್ಲ."
"ಟೈಮಿಂಗ್ ಉಂಟಲ್ಲ, ಅದಕ್ಕೇ" ಎಂದ ತುಕಾರಾಮ ಬಂಗೇರ,
"ಕಂಕನಾಡಿಯಲ್ಲಿ ಅಜ್ಜಿಯ ಒಂದು ಕಾಲು ನೆಲದಲ್ಲಿರುವಾಗಲೇ
ರೈಟ್ ಹೇಳುವುದು."

ಬಂಗೇರನಿಗೆ ಕಾನ್‌ಬಾನ್ ಎಂದರೆ ದೊಡ್ಡಮ್ಮನ ಕಾವಲಿ.
ಹೊಯಿಗೆ ಬಜಾರಿನಲ್ಲಿ ಅವಳ ಊಟದ ಹೋಟೆಲು,
ಕಾವಲಿಯಲ್ಲಿ ಏಳು ಬಂಗುಡೆಗೆ ಜಾಗ.
ಎಂಟನೆಯದು ಮಸಾಲೆ ಮೆತ್ತಿಕೊಂಡು ಕಾಯಬೇಕು,
ಬ್ಯಾಂಕಿನವರು ಗಡಿಯಾರ ನೋಡಲಿ, ಬೋಟಿನವರು ಬೈಯಲಿ,
ಒಂದು ಎದ್ದರೇ ಇನ್ನೊಂದು ಬೀಳುವುದು.
"ಒತ್ತಿ ಒತ್ತಿ ಹತ್ತು ಇಟ್ಟರೆ ಎಣ್ಣೆ ತಣ್ಣಗಾಗಿ
ಹತ್ತೂ ಹಸಿ, ಗೊತ್ತುಂಟಾ?"

"ಏಳೇ ಯಾಕೆ?" ಜುಲೇಖಾ ಕೇಳಿದಳು. ಅವಳು ಯಾವಾಗಲೂ ಹಾಗೆ.
"ಆರು ಯಾಕಲ್ಲ? ಮೀನು ಎಲ್ಲ ಒಂದೇ ಗಾತ್ರವಾ?
ನಿನ್ನ ಒಂದು ಚೀಟಿಯಲ್ಲಿ ಅಂಜಲ್, ಒಂದರಲ್ಲಿ ಕೊಲ್ಲತರು,
ಎರಡಕ್ಕೂ ಅಂಗೈ ಅಗಲದ ಕಾಗದ."

ಬಂಗೇರನಲ್ಲಿ ಉತ್ತರ ಇರಲಿಲ್ಲ.
ಕ್ರಾಸ್ತಾ ನಕ್ಕ. ನಕ್ಕರೂ, ಒಂದು ತಿಂಗಳು ನೋಡುವ ಎಂದು
ನನ್ನ ಮನೆಯ ನೆತ್ತಿಯಲ್ಲಿ ಕೆಂಪು ಶಾಯಿಯಿಂದ
ಮೂರು ಎಂದು ಬರೆದ.

ಮೊದಲ ಬುಧವಾರವೇ ಮೂರು ತುಂಬಿತು.
ಬಂಗೇರ ನಾಲ್ಕನೆಯ ಚೀಟಿ ಹಿಡಿದು ಗೋಡೆಯ ಮುಂದೆ ನಿಂತ.
ಇಡುವಂತಿಲ್ಲ, ಹೊಸತು ತೆಗೆಯುವಂತಿಲ್ಲ,
ಸುಮ್ಮನೆ ಕೂರುವುದು ಅವನ ಜಾತಕದಲ್ಲಿಲ್ಲ.
ಕೊನೆಗೆ ಕುರ್ಚಿ ಎಳೆದು ನನ್ನ ಪಕ್ಕ ಕೂತು
"ಎಂತ ಮಾಡ್ಬೇಕು, ಹೇಳಿ" ಎಂದ.
ನಾಲ್ಕು ವರ್ಷದಲ್ಲಿ ಆ ಪ್ರಶ್ನೆ ಆ ಕಡೆಯಿಂದ ಬಂದದ್ದು ಅದೇ ಮೊದಲು.
ಅವನದೇ ಪುಟದಲ್ಲಿ, ದೋಣಿಯ ಹೆಸರು ಕೇಳುವಲ್ಲಿ,
ಬರೀ ಖಾಲಿ ಜಾಗ ಒತ್ತಲು ಹೇಳಿದೆ.
ಪುಟ ಕವುಚಿ ಬಿತ್ತು.
ಅವನು ತನ್ನ ಬೆರಳನ್ನೇ ನೋಡಿಕೊಂಡ.

ಅದಕ್ಕೇ ಕಾನ್‌ಬಾನ್ ಗೆದ್ದಿತು ಅಂತ ನಾನು ಹೇಳುವುದಿಲ್ಲ.
ಶನಿವಾರ ಐಸ್ ಪ್ಲಾಂಟಿನಿಂದ ಫೋನು: ಯಾವಾಗ ಕೊಡ್ತೀರಿ?
"ಕೆಲಸ ಹರಿಯುತ್ತಾ ಉಂಟು" ಅಂದ ಬಂಗೇರ.
"ಇಲ್ಲಿ ಐಸೂ ಹರಿಯುತ್ತಾ ಉಂಟು" ಅಂದರು ಅವರು,
"ತಾರೀಕು ಹೇಳಿ."

ಇನ್ನು ಈ ಸೆಕೆ.
ಮೇ ತಿಂಗಳಲ್ಲಿ ಮನುಷ್ಯರೇ ಕುರ್ಚಿಗೆ ಅಂಟುತ್ತಾರೆ,
ಚೀಟಿ ಗೋಡೆಗೆ ಅಂಟುವುದಿಲ್ಲ.
ರಾತ್ರಿ ಉದುರಿದ್ದನ್ನು ಬೆಳಿಗ್ಗೆ ಗುಡಿಸಲು ಬರುವ ಅಪ್ಪಿಯಕ್ಕ
ಒಂದೊಂದೇ ಹೆಕ್ಕಿ, ಸೆರಗಿನಲ್ಲಿ ಒರೆಸಿ,
ಟೇಪು ಹಾಕಿ ಮತ್ತೆ ಹಚ್ಚುತ್ತಾಳೆ.

ಹನ್ನೊಂದು ವಾರ ಮೊದಲನೇ ಮನೆಯಲ್ಲೇ ಬಿಸಿಲು ಕುಡಿದು
ಬಿಳಿಚಿಕೊಂಡ ಚೀಟಿ ಒಂದಿತ್ತು: ಬಿಲ್ಲು ಕನ್ನಡದಲ್ಲಿ ಬರಬೇಕು.
ಓಟದಲ್ಲಿ ಹಿಂದೆ ಬಿತ್ತು, ಹರಿವಿನಲ್ಲಿ ದಡದಲ್ಲೇ ಉಳಿಯಿತು.
ಇವತ್ತು ಸೋಮವಾರ ಬಂದು ನೋಡಿದರೆ
ಮುಗಿದದ್ದರ ಮನೆಯಲ್ಲಿ
ನಾಲ್ಕೂ ಮೂಲೆಗೆ ಟೇಪು ಹಾಕಿಸಿಕೊಂಡು ಕೂತಿದೆ.

"ಅಪ್ಪಿಯಕ್ಕ, ಇದು ಇಲ್ಲಿ ಯಾಕೆ?"
"ಅಲ್ಲಿ ಜಾಗ ಇತ್ತಲ್ಲ ಮಾರಾಯ್ರೆ.
ಮೊದಲನೆಯದರಲ್ಲಿ ಬೆರಳಿಡಲು ಎಡೆಯಿಲ್ಲ.
ನಿಮ್ಮದರಲ್ಲಿ ಮೂರು ಅಂತ ಬರೆದುಂಟು,
ನಾಲ್ಕನೆಯದು ಇಟ್ಟರೆ ಬೈಗುಳ ನಿಮಗಲ್ವಾ?"

ಗೋಡೆ ಓದಿ ನಡೆದುಕೊಂಡವಳು
ಇಡೀ ಆಫೀಸಿನಲ್ಲಿ ಇವಳೊಬ್ಬಳೇ.

ಕ್ರಾಸ್ತಾ ಬರುವುದು ಒಂಬತ್ತೂವರೆಗೆ.
ಉಗುರಿನಿಂದ ಟೇಪಿನ ಒಂದು ಮೂಲೆ ಎಬ್ಬಿಸಿದ್ದೇನೆ.
ಉಳಿದ ಮೂರು ಗಟ್ಟಿ ಉಂಟು.